ಐದು ಗಂಟೆಯ ಸೊನ್ನೆ

ಸಾಯಂಕಾಲ ಐದಾಯಿತೆಂದರೆ ಶಾಲೆಯ ದೀಪಗಳೆಲ್ಲ ತಾವಾಗಿಯೇ ಆರುತ್ತಿದ್ದವು. ಆಯಾ ನೆಲ ಒರೆಸಲು ಶುರು ಮಾಡುತ್ತಿದ್ದುದೂ ಐದಕ್ಕೇ. ಕಿಟಕಿಯಿಲ್ಲದ ಕಾರಿಡಾರಿನಲ್ಲಿ ಬಾಯಲ್ಲಿ ಟಾರ್ಚ್ ಕಚ್ಚಿಕೊಂಡು ನೆಲ ಒರೆಸುವ ಭಾಗ್ಯ ಈ ವರ್ಷ ಅವಳ ಪಾಲಿಗೆ ಬಂದಿತ್ತು. ಹೋದ ವಾರ ಒದ್ದೆ ನೆಲದಲ್ಲಿ ಜಾರಿ ಮೊಣಕೈ ಬಾತಿತ್ತು. ಇನ್ನೊಮ್ಮೆ ಬಿದ್ದರೆ ಸೊಂಟ ಮುರಿಯುತ್ತದೆ, ಕೆಲಸಕ್ಕೂ ಎಳ್ಳುನೀರೇ ಎಂದು ಅವಳಿಗೆ ಭಯ.

ಇದಕ್ಕೆಲ್ಲ ಕಾರಣ ಒಂದು ಪಟ್ಟಿ. ಕಟ್ಟಡಕ್ಕೆ ಎಷ್ಟು ಕರೆಂಟು ಬೇಕೆಂದು ಲೆಕ್ಕ ಹಾಕುವ ಎಂಜಿನಿಯರು, ಯಾವ ಗಂಟೆಗೆ ಎಷ್ಟು ಜನ ಒಳಗಿರುತ್ತಾರೆಂದು ಅದರಲ್ಲಿ ಬರೆದಿದ್ದ. ಐದರ ನಂತರ ಸೊನ್ನೆ. ಸೊನ್ನೆ ಕಂಡ ಗಂಟೆಗೆ ಕಂಪ್ಯೂಟರು ದೀಪ ಆರಿಸಿಬಿಡುತ್ತಿತ್ತು. ಆ ಸೊನ್ನೆಯ ಪುಣ್ಯದಿಂದ ಶಾಲೆಗೆ ಉಳಿತಾಯದ ಪ್ರಶಸ್ತಿ ಬರುವುದರಲ್ಲಿತ್ತು. ಆಯಾ ಹೇಳಿಕೊಳ್ಳಲು ಹೋದಾಗಲೆಲ್ಲ ಹೆಡ್‌ಮಾಸ್ಟರು, ಪ್ರಶಸ್ತಿ ಬರಲಿ, ಆಮೇಲೆ ನೋಡೋಣ ಎಂದು ಸಾಗಹಾಕುತ್ತಿದ್ದರು.

ಅವತ್ತು ಎಂಜಿನಿಯರು ತಪಾಸಣೆಗೆ ಬಂದು ಕಾರಿಡಾರಿನಲ್ಲಿ ಅಳತೆ ಹಿಡಿಯುತ್ತಿದ್ದಾಗ ಐದು ಹೊಡೆಯಿತು. ದೀಪ ಆರಿತು. ಪುಣ್ಯಾತ್ಮ ಬಕೆಟಿಗೆ ಎಡವಿ ದಢಾರನೆ ಬಿದ್ದ. ಆಯಾ ಅವನ ಮುಖಕ್ಕೆ ಟಾರ್ಚ್ ಬಿಟ್ಟಳು. ಸುಳ್ಳೇಕೆ ಹೇಳಬೇಕು, ಅವಳಿಗೆ ಹಾಲು ಕುಡಿದಷ್ಟು ಸಂತೋಷವಾಯಿತು.

"ಈ ಹೊತ್ತಲ್ಲಿ ಇಲ್ಲಿ ಯಾರೂ ಇರಲ್ಲ ಸರ್. ನೀವೇ ಬರೆದಿದ್ದೀರಲ್ಲ."

ಅವನು ಪೆಚ್ಚಾಗಿ, ಅವಳನ್ನು ಪಟ್ಟಿಗೆ ಸೇರಿಸಲು ಅಲ್ಲೇ ಲ್ಯಾಪ್‌ಟಾಪ್ ತೆರೆದ. ಅದರಲ್ಲಿ ತಲೆ ಎಣಿಸುವಂತಿಲ್ಲ. ಶಾಲೆಯ ಆರುನೂರ ನಲವತ್ತು ಜನರಲ್ಲಿ ಶೇಕಡಾ ಎಷ್ಟು ಎಂದು ಬರೆಯಬೇಕು. ಶೇಕಡಾ ಅರ್ಧಕ್ಕಿಂತ ಕಡಿಮೆ ಬಂದರೆ ಕಂಪ್ಯೂಟರು ಅದನ್ನು ಸೊನ್ನೆ ಮಾಡಿಬಿಡುತ್ತದೆ. ಆಯಾ ಒಬ್ಬಳೇ ಸೊನ್ನೆಯಾದಳು. ತನ್ನನ್ನೂ ಸೇರಿಸಿ ನೋಡಿದ.

"ನೀವು ಸೇರಿದ್ರೂ ಸೊನ್ನೆನಾ?"

"ಸೊನ್ನೆನೇ ಅಮ್ಮ. ನಾಲ್ಕು ಜನ ಆದ್ರೆ ಒಂದು ಅಂತ ತೋರಿಸುತ್ತೆ."

ಹದಿನೆಂಟು ವರ್ಷ ಈ ನೆಲ ಒರೆಸಿದವಳಿಗೆ ಮೈಯೆಲ್ಲ ಉರಿದುಹೋಯಿತು. ನೇರ ಆಫೀಸಿನತ್ತ ನಡೆದಳು. ಹೆಡ್‌ಮಾಸ್ಟರೂ ಗುಮಾಸ್ತನೂ ಅಲ್ಲಿ ಮೊಬೈಲ್ ಬೆಳಕಿನಲ್ಲಿ ಪ್ರಶಸ್ತಿ ಸ್ವೀಕಾರದ ಭಾಷಣ ತಿದ್ದುತ್ತಿದ್ದರು. ಬಾಗಿಲೆಳೆದು ಹೊರಗಿನಿಂದ ಚಿಲಕ ಹಾಕಿದಳು.

"ನಾಲ್ಕು ಜನ ಆಯ್ತು. ಬರ್ಕೊಳ್ಳಿ ಸರ್."

ಎಂಜಿನಿಯರು ಬರೆದುಕೊಂಡ. ಕಾರಿಡಾರಿನಲ್ಲಿ ದೀಪ ಹೊತ್ತಿತು. ಒಳಗಿನವರು ಬಾಗಿಲು ಬಡಿಯುತ್ತಲೇ ಇದ್ದರು. ಆಯಾ ಮೂಲೆ ಮೂಲೆಯನ್ನೂ ಸಾವಕಾಶವಾಗಿ ಒರೆಸಿದಳು. ಹನ್ನೆರಡು ಕೋಣೆ ಮುಗಿಯುವವರೆಗೂ ಚಿಲಕ ತೆಗೆಯಲಿಲ್ಲ.