ಮೂಲೆ ಹರಿದ ಬಿಲ್ಲು

ತಾಯವ್ವ ಹೆದರುಪುಕ್ಕಲಿಯಲ್ಲ. ಅವಳ ಊರು ಮಳಗಿಯಲ್ಲಿ ಯಾರನ್ನು ಬೇಕಾದರೂ ಕೇಳಿ, ಕೊಟ್ಟಿಗೆಗೆ ಚಿರತೆ ಬಂದಾಗ ಒನಕೆ ಹಿಡಿದು ಹೊರಬಿದ್ದವಳು ಎಂದು ಹೇಳುತ್ತಾರೆ. ಅಂಥವಳು ಅವತ್ತು ದಾಂಡೇಲಿಯ ದವಾಖಾನೆಯೊಂದರ ಕಟ್ಟೆಯ ಮೇಲೆ ಅಂಗೈಯಗಲದ ಕಾಗದ ಹಿಡಿದು ಗಡಗಡ ನಡುಗುತ್ತ ಕೂತಿದ್ದಳು.

ಆಗಿದ್ದಿಷ್ಟು. ಗಂಡ ಚನಬಸಪ್ಪ ಕಟ್ಟಿಗೆ ಡಿಪೋದಲ್ಲಿ ಹಮಾಲ. ಮೂರು ದಿನದ ಹಿಂದೆ ಲಾರಿಗೆ ಏರಿಸುತ್ತಿದ್ದ ಸಾಗುವಾನಿ ದಿಮ್ಮಿ ಜಾರಿ ಅವನ ಕಾಲ ಮೇಲೆ ಬಿತ್ತು. ಇವತ್ತು ಬೆಳಗ್ಗೆ ಡಾಕ್ಟರು, "ಗಾಯದ ವಿಷ ಮ್ಯಾಲೆ ಏರಾಕತ್ತೈತಿ. ತಡಾ ಮಾಡಿದ್ರ ಜೀವಕ್ಕ ಅಪಾಯ. ಆಪರೇಶನ್ ಆಗಬೇಕು" ಎಂದರು. ಅವರು ಇನ್ನೂ ಏನೇನೋ ಹೇಳಿದರು, ಆದರೆ ತಾಯವ್ವನ ಕಿವಿಗೆ ಬಿದ್ದದ್ದು ಜೀವಕ್ಕೆ ಅಪಾಯ ಅನ್ನುವುದೊಂದೇ. ತೋರಿಸಿದಲ್ಲಿ ಹೆಬ್ಬೆಟ್ಟು ಒತ್ತಿದಳು. ಎಂಟಕ್ಕೆ ಅವನನ್ನು ಒಳಗೆ ಒಯ್ದು ಬಾಗಿಲು ಹಾಕಿಕೊಂಡರು. ಆಮೇಲೆ ಒಂದು ನರಪಿಳ್ಳೆಯೂ ಹೊರಗೆ ಬಂದು ಸುದ್ದಿ ಹೇಳಲಿಲ್ಲ.

ಹನ್ನೊಂದಕ್ಕೆ ಸಿಪಾಯಿ ಪರಸಪ್ಪ ಬಂದ. "ತಗೋ ಯವ್ವಾ, ಆಫೀಸಿಗೆ ಹೋಗು" ಎಂದು ಕಾಗದವನ್ನು ಕೈಗಿಟ್ಟ. "ನಮ್ಮ ಮನಿಯವರು ಹೆಂಗದಾರ್ರೀ?" ಎಂದು ಇವಳು ಬಾಯಿ ತೆಗೆಯುವಷ್ಟರಲ್ಲಿ ಪುಣ್ಯಾತ್ಮ ಮಾಯ. ತಾಯವ್ವ ಕಾಗದ ನೋಡಿದಳು. ಅವಳಿಗೆ ಅಕ್ಷರ ಬಾರದು. ಆದರೆ ಮೇಲಿನ ಒಂದು ಮೂಲೆ ಹರಿದಿತ್ತು. ಅದು ತಿಳಿಯಲು ಅಕ್ಷರ ಬೇಕಿರಲಿಲ್ಲ.

ಸಾವಿನ ಕಾಗದಕ್ಕೆ ಮೂಲೆ ಹರಿದು ಕಳಿಸುವುದು ನಮ್ಮ ಕಡೆ ಕೂಸಿಗೂ ಗೊತ್ತಿದ್ದ ರೂಢಿ. ಹೋದ ವರ್ಷ ಅತ್ತಿವೇರಿಯಿಂದ ಅವಳ ಅಣ್ಣ ತೀರಿಕೊಂಡ ಕಾರ್ಡು ಹಾಗೇ ಬಂದಿತ್ತು. ಟಪಾಲಿನವನು ಓದಿ ಹೇಳುವ ಮೊದಲೇ ಮನೆಯವರೆಲ್ಲ ಎದೆ ಬಡಿದುಕೊಂಡಿದ್ದರು. ಅಂಥ ಕಾಗದವನ್ನು ಹೊಸ್ತಿಲು ದಾಟಿಸುವುದಿಲ್ಲ, ಓದಿಸಿ ಹೊರಗೇ ಹರಿದು ಒಗೆಯುತ್ತಾರೆ. ಈಗ ಇದನ್ನು ಯಾರ ಹತ್ತಿರ ಓದಿಸುವುದು? ಓದಿಸಿದರೆ ಖರೆಯಾಗಿಬಿಡುತ್ತದೆ. ಓದಿಸುವ ತನಕ ಹಣೆಯ ಕುಂಕುಮ ತನ್ನದು, ಕೈಯ ಬಳೆ ತನ್ನದು. ಇನ್ನೊಂದು ಗಳಿಗೆ ಇರಲಿ ಶಿವನೇ ಎಂದು ಕಾಗದವನ್ನು ಮಡಿಸಿ ಮುಷ್ಟಿಯಲ್ಲಿ ಮುಚ್ಚಿಕೊಂಡಳು.

ಪಕ್ಕದಲ್ಲಿ ಮದೀನಾಬಿ ಕೂತಿದ್ದಳು. ಮಗಳು ಗುಲ್ಶನಳ ಹೆರಿಗೆಗೆಂದು ಬಂದವಳು, ಮೂರು ದಿನದಿಂದ ತಾಯವ್ವನ ಜೊತೆ ರೊಟ್ಟಿ ಹಂಚಿಕೊಂಡು ತಿಂದವಳು. ಬಿಗಿದ ಮುಷ್ಟಿಯನ್ನು ನೋಡಿ, "ಏನದು ತಂಗಿ?" ಎಂದಳು. ತಾಯವ್ವ ತೆರೆದು ತೋರಿಸಿದಳು. ಮೂಲೆ ನೋಡಿದ ಮದೀನಾಬಿಯ ಮುಖವೂ ಬಿಳುಪೇರಿತು.

"ಯಾ ಅಲ್ಲಾ" ಎಂದು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಆಮೇಲೆ ತಾಯವ್ವನ ತೋಳು ಹಿಡಿದು ಎಬ್ಬಿಸಿದಳು. "ಹಿಂಗ ಕುಂತ್ರ ಹೆಂಗ? ಏಳು. ನಾ ಅದೀನಿ ನಿನ್ನ ಜೋಡಿ. ಓದಿಸೂಣು."

"ಬ್ಯಾಡಕ್ಕಾ, ನಿನ್ನ ಕಾಲು ಬೀಳತೇನಿ!"

ಮದೀನಾಬಿ ಕೇಳಲಿಲ್ಲ, ಎಳೆದುಕೊಂಡೇ ಹೋದಳು. ಆಫೀಸಿನ ಕಿಟಕಿಯ ಹಿಂದೆ ಕನ್ನಡಕದ ಕಾರಕೂನ ಕೂತಿದ್ದ. ಕಾಗದ ತೆಗೆದುಕೊಂಡು, "ಬಿಲ್ಲ ಐತಿ" ಎಂದ. ಬಿಲ್ಲೋ ಗಿಲ್ಲೋ, ಸತ್ತವರ ಲೆಕ್ಕವನ್ನೂ ಬರೆಯುತ್ತಾರಲ್ಲ! ತಾಯವ್ವ ಕಿಟಕಿಯ ಸರಳು ಹಿಡಿದುಕೊಂಡಳು. "ಎದಕ್ಕೆದಕ್ಕ ಬರದೀರಿ, ಒಂದೊಂದ ಓದ್ರಿ" ಎಂದವಳ ದನಿ ಅವಳಿಗೇ ಕೇಳಿಸಲಿಲ್ಲ.

"ಮಲಗೂ ಕಾಟಿನ ಬಾಡಿಗಿ, ಮೂರು ದಿನದ್ದು."

ಮೂರೇ ದಿನ. ನಾಲ್ಕನೆಯದು ಯಾಕಿಲ್ಲ?

"ಮೂರ್ಛಿ ಔಷಧ. ಆಪರೇಶನ್ ಫೀ ನಲವತ್ತು. ಸೂಜಿಮದ್ದು. ಬಿಳಿ ಅರಿವಿ, ನಾಕು ಗಜ..."

"ಅಯ್ಯೋ ನನ್ನಪ್ಪಾ!" ಎಂದು ಚೀರಿ ತಾಯವ್ವ ಅಲ್ಲೇ ಕುಸಿದಳು. ಹೆಣಕ್ಕೆ ಹೊದಿಸುವುದು ಮತ್ತೆ ಯಾವ ಬಟ್ಟೆ?

"ಏ ಯವ್ವಾ! ಗಾಯಕ್ಕ ಪಟ್ಟಿ ಕಟ್ಟಾಕದು! ಏನಾತು ನಿನಗ?" ಕಾರಕೂನ ಗಾಬರಿಯಾಗಿ ಎದ್ದು ನಿಂತ. "ಇನ್ನೊಂದ ಉಳಿದೈತಿ, ಕೇಳು. ಬಗಲಾಗ ಇಟ್ಕೊಂಡು ನಡಿಯೂ ಬಡಿಗಿ, ಒಂದು ಜೋಡಿ. ಒಂಬತ್ತು ರೂಪಾಯಿ. ಹುಬ್ಬಳ್ಳಿಯಿಂದ ತರಸಬೇಕು, ಅದಕ್ಕ ಬಿಲ್ಲ ಈಗ ಮಾಡೇವಿ."

"ಯಾರಿಗ್ರೀ?"

"ಯಾರಿಗಂದ್ರ? ನಿನ್ನ ಗಂಡಗ."

"ಅವರು... ನಡೀತಾರ್ರಿ?"

"ಆಪರೇಶನ್ ಚೊಲೋ ಆಗೇತಿ. ತಿಂಗಳೊಪ್ಪತ್ತಿನ್ಯಾಗ ನಡೀತಾನ."

ತಾಯವ್ವ ನಕ್ಕಳು, ಅತ್ತಳು, ಮದೀನಾಬಿಯ ಕೊರಳಿಗೆ ಬಿದ್ದಳು. ಸಿಪಾಯಿ ಬಾಗಿಲಲ್ಲೇ ನಿಂತು ತಂಬಾಕು ತಿಕ್ಕುತ್ತಿದ್ದ. ಬಿಲ್ಲಿನ ಮೂಲೆ ಹರಿದವರು ಯಾರೆಂದು ಮದೀನಾಬಿ ಕೇಳಿದಳು. "ನಾನ ಹರದೆ. ಸುಣ್ಣ ಕಟ್ಕೊಳ್ಳಾಕ ಒಂದು ಚೂರು ಕಾಗದ ಬೇಕಾಗಿತ್ತು" ಎಂದ ಪರಸಪ್ಪ, ಏನೂ ಆಗೇ ಇಲ್ಲವೆಂಬ ಹಾಗೆ. "ನಿನ್ನ ಸುಣ್ಣಕ್ಕಿಷ್ಟು ಬೆಂಕಿ ಹಚ್ಚ! ಒಂದು ಜೀವ ಹೋಗ್ತಿತ್ತಲ್ಲೋ ಇಲ್ಲಿ" ಎಂದು ಮದೀನಾಬಿ ಅವನ ಮೈಮೇಲೆ ಹೋದಳು.

ತಾಯವ್ವ ಸೊಂಟಕ್ಕೆ ಸಿಕ್ಕಿಸಿದ್ದ ಚೀಲದಿಂದ ಡಿಪೋದ ಗುತ್ತಿಗೆದಾರ ಕೊಟ್ಟಿದ್ದ ನೋಟುಗಳನ್ನು ತೆಗೆದು ಕಿಟಕಿಯೊಳಗೆ ಇಟ್ಟಳು. ಕಾರಕೂನ ಎಣಿಸತೊಡಗಿದ. ಆಗ ಅವಳಿಗೆ ಒಂದು ಮಾತು ಹೊಳೆಯಿತು.

"ಸಾಹೇಬರ, ಬಡಿಗಿ ಯಾಕ್ರಿ?"

ಎಣಿಸುತ್ತಿದ್ದ ಬೆರಳು ನಿಂತಿತು. "ಡಾಕ್ಟರು ಹೇಳ್ಯಾರಲ್ಲವಾ? ಬಲಗಾಲು ಮೊಣಕಾಲಿನ ಕೆಳಗ ತಗದಾರ."

ತಾಯವ್ವ ಮದೀನಾಬಿಯ ಕಡೆ ತಿರುಗಿದಳು. ಮದೀನಾಬಿ ಮುಖ ಕೆಳಗೆ ಹಾಕಿದ್ದಳು, ಅವಳಿಗೆ ಬಡಿಗೆ ಅಂದಾಗಲೇ ತಿಳಿದಿತ್ತು. ಹೆಗಲ ಮೇಲೆ ದಿಮ್ಮಿ ಹೊತ್ತು ಹಲಗೆಯೇರಿ ಲಾರಿ ತುಂಬುವ ಹಮಾಲನಿಗೆ ಕಾಲಿಲ್ಲ ಎಂದರೆ ಏನುಳಿಯಿತು?

"ಅವರಿಗೆ ಗೊತ್ತೈತೇನ್ರಿ?"

"ಇಲ್ಲ. ಇನ್ನೂ ಮಂಪರಿನ್ಯಾಗ ಅದಾನ. ಮನಿಯವರ ಹೇಳಿದ್ರ ಚೊಲೋ."

ಸತ್ತನೋ ಬದುಕಿದನೋ ಎಂದು ನಡುಗಿದ್ದು ಒಂದು ತರಹ. ಈಗ ಹೊಕ್ಕ ಹೆದರಿಕೆ ಬೇರೆಯೇ ಇತ್ತು. ವಾರ್ಡಿನ ಬಾಗಿಲತನಕ ಹೋಗಲು ಅವಳ ಎರಡು ಕಾಲೂ ಒಲ್ಲೆನ್ನುತ್ತಿದ್ದವು.

ಚನಬಸಪ್ಪ ಕಂಬಳಿ ಹೊದ್ದು ಮಲಗಿದ್ದ. ಬಲಕ್ಕೆ, ಮೊಣಕಾಲಿನ ಕೆಳಗೆ ಕಂಬಳಿ ಚಪ್ಪಟೆಯಾಗಿತ್ತು. ತಾಯವ್ವ ಅಲ್ಲಿಂದ ಕಣ್ಣು ಕಿತ್ತು ಅವನ ಹಣೆ ಮುಟ್ಟಿದಳು. ಬೆಚ್ಚಗಿತ್ತು. ಬಹಳ ಹೊತ್ತಿನ ಮೇಲೆ ಅವನು ಕಣ್ಣು ಬಿಟ್ಟ.

"ಮುಗೀತೇನ?"

"ಹೂಂರೀ, ಮುಗೀತು."

"ರೊಕ್ಕ ಭಾಳ ಆತೇನ? ಎದಕ್ಕ ಎಷ್ಟು ಹಿಡದಾರ?"

"ಕಾಟಿಗೆ, ಔಷಧಕ್ಕ, ಡಾಕ್ಟರ ಫೀ, ಪಟ್ಟಿಗೆ..." ತಾಯವ್ವ ಅಲ್ಲಿಗೇ ನಿಂತಳು.

"ಮತ್ತ?"

"ಮತ್ತೇನಿಲ್ರಿ. ಅಷ್ಟ."

ಅವನು ಸಮಾಧಾನದಿಂದ ಕಣ್ಣು ಮುಚ್ಚಿದ. ಇನ್ನೇನು ನಿದ್ದೆ ಹೋದ ಅನ್ನುವಾಗ ಹುಬ್ಬು ಗಂಟಿಕ್ಕಿ, "ಬಲಗಾಲಿನ ಹೆಬ್ಬೆರಳು ಭಾಳ ತುರಸಾಕತ್ತೈತಿ" ಎಂದ. "ಒಂಚೂರು ಕೆರೀ, ಮಾರಾಯ್ತಿ."

ತಾಯವ್ವನ ಕೈ ಗಾಳಿಯಲ್ಲಿ ನಿಂತಿತು. ಆಮೇಲೆ ಕಂಬಳಿಯ ಆ ಚಪ್ಪಟೆ ಜಾಗದ ತುದಿಗೆ ಹೋಗಿ, ಹಾಸಿಗೆಯನ್ನು ಉಗುರಿನಿಂದ ಮೆಲ್ಲಗೆ ಕೆರೆಯತೊಡಗಿತು.

"ಹಾಂ, ಅಲ್ಲೇ ನೋಡು" ಎಂದ ಚನಬಸಪ್ಪ. "ಬಿಡಬ್ಯಾಡ."