ನೀರುನಾಯಿ ಹೌದೋ ಅಲ್ಲವೋ

ನೆಲಮಾಳಿಗೆಯಲ್ಲಿ ಕೂತು ಪ್ರಾಣಿಗಳ ಹಿಕ್ಕೆ ಮೂಸುವುದೂ ಒಂದು ಸರ್ಕಾರಿ ಕೆಲಸ ಎಂದರೆ ಯಾರೂ ನಂಬುವುದಿಲ್ಲ. ಅಕ್ಕ ಹತ್ತೊಂಬತ್ತು ವರ್ಷದಿಂದ ಅದನ್ನೇ ಮಾಡಿಕೊಂಡು ಬಂದಿದ್ದಳು. ನದಿ ಮತ್ತು ವನ್ಯಜೀವಿ ಸಂಶೋಧನಾ ಕಚೇರಿಯಲ್ಲಿ ಅವಳ ಹುದ್ದೆ ಪ್ರಯೋಗಾಲಯ ಸಹಾಯಕಿ. ಕಾವಲುಗಾರನಿಂದ ಹಿಡಿದು ನಿರ್ದೇಶಕರವರೆಗೆ ಎಲ್ಲರಿಗೂ ಬರೀ ಅಕ್ಕ. ಫೀಲ್ಡಿಗೆ ಹೋದವರು ನದಿ ದಂಡೆಯ ಕಲ್ಲುಗಳ ಮೇಲೆ ಸಿಕ್ಕಿದ್ದನ್ನು ಪುಟ್ಟ ಡಬ್ಬಿಗಳಲ್ಲಿ ತಂದು ಅವಳ ಮೇಜಿನ ಮೇಲಿಡುತ್ತಿದ್ದರು. ನೀರುನಾಯಿಯೂ ಮೀನು ತಿನ್ನುತ್ತದೆ, ದಂಡೆಯ ಕಾಡುಬೆಕ್ಕೂ ಮೀನು ತಿನ್ನುತ್ತದೆ. ಎರಡರ ಹಿಕ್ಕೆಯಲ್ಲೂ ಅದೇ ಮುಳ್ಳು, ಒಣಗಿದ ಮೇಲೆ ಅದೇ ಬಣ್ಣ. ಕಣ್ಣಿಗೆ ವ್ಯತ್ಯಾಸ ತಿಳಿಯದು, ಮೂಗಿಗೆ ತಿಳಿಯುತ್ತದೆ. ಅಕ್ಕ ಮುಚ್ಚಳ ತೆಗೆದು, ಒಂದು ಸಲ ಉಸಿರೆಳೆದು, ‘ನೀರುನಾಯಿ’ ಎಂದೋ ‘ಬೆಕ್ಕು’ ಎಂದೋ ಬರೆದರೆ ಮುಗಿಯಿತು. ಅನುಮಾನಪಟ್ಟವರು ದೂರದ ಲ್ಯಾಬಿಗೆ ಕಳಿಸಿ, ಆರು ತಿಂಗಳು ಕಾದು, ಅಕ್ಕ ಹೇಳಿದ್ದನ್ನೇ ಅಲ್ಲಿಂದಲೂ ಕೇಳಿಸಿಕೊಂಡು ತೆಪ್ಪಗಾಗಿದ್ದರು.

ಇಂಥ ಅಕ್ಕನಿಗೆ ಎರಡು ತಿಂಗಳ ಹಿಂದೆ ಜ್ವರ ಬಂತು. ಜ್ವರ ಹೋಗುವಾಗ ವಾಸನೆಯನ್ನೂ ಗಂಟು ಕಟ್ಟಿಕೊಂಡು ಹೋಯಿತು. ಸೋಪು, ಫಿನಾಯಿಲು, ತಳ ಹಿಡಿದ ಹಾಲು, ಯಾವುದನ್ನು ಮೂಗಿಗೆ ಹಿಡಿದರೂ ಏನೂ ಇಲ್ಲ. ಡಾಕ್ಟರು, ಬರಬಹುದು, ಬರದೆಯೂ ಇರಬಹುದು ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟರು. ಅಕ್ಕ ಕಚೇರಿಯಲ್ಲಿ ಬಾಯಿ ಬಿಡಲಿಲ್ಲ. ಮೂಗೇ ಹೋದ ಮೇಲೆ ತನ್ನನ್ನು ಯಾರು ಕೇಳುತ್ತಾರೆ ಎಂಬ ಭಯ ಅವಳಿಗೆ. ದಿನಾ ಮುಚ್ಚಳ ತೆಗೆದಳು, ಉಸಿರೆಳೆದಳು, ಕಣ್ಣಂದಾಜಿನಲ್ಲಿ ಬರೆದಳು. ಬಂದವುಗಳಲ್ಲಿ ಹೆಚ್ಚಿನವು ಜಿಂಕೆ, ಮೊಲ, ಹೇಗೋ ನಡೆದುಹೋಯಿತು.

ಕಳೆದ ವಾರ ಮಾತ್ರ ಊರಿನ ಕೆಳಗಿನ ಹರಿವಿನಿಂದ ನಾಲ್ಕು ಡಬ್ಬಿ ಬಂದವು. ಕೊಳಚೆ ಸೇರಿ ಕೆಟ್ಟ ಆ ಭಾಗದಲ್ಲಿ ಹನ್ನೊಂದು ವರ್ಷದಿಂದ ನೀರುನಾಯಿಯ ಸುಳಿವಿರಲಿಲ್ಲ. ಈ ಸಲವೂ ಸಿಗದಿದ್ದರೆ ಆ ಭಾಗವನ್ನು ಸಮೀಕ್ಷೆಯಿಂದಲೇ ಕೈಬಿಡುವುದೆಂದು ಮೇಲಿನವರು ತೀರ್ಮಾನಿಸಿದ್ದರು. ಅಷ್ಟೂ ವರ್ಷ ಅಲ್ಲಿನ ನೀರು ಅಳೆದು, ವರದಿ ಬರೆದು ಬರೆದು ಕೈ ಸವೆಸಿಕೊಂಡಿದ್ದ ವಿಜ್ಞಾನಿ ಮೇಡಂ ಮೇಜಿನ ಆಚೆ ನಿಂತು ಉಗುರು ಕಚ್ಚುತ್ತಿದ್ದರು. ಅಕ್ಕ ಮುಚ್ಚಳ ತೆಗೆದಳು, ಡಬ್ಬಿ ನೋಡಿದಳು, ಮೇಡಂ ಮುಖ ನೋಡಿದಳು, ನಾಲ್ಕರ ಮೇಲೂ ‘ನೀರುನಾಯಿ’ ಎಂದು ಬರೆದಳು. ಮೇಡಂ ಅವಳನ್ನು ತಬ್ಬಿಕೊಂಡೇಬಿಟ್ಟರು.

ಅಂದಿನಿಂದ ಆ ಸುಳ್ಳು ಅಕ್ಕನನ್ನು ಕೊರೆಯುತ್ತಲೇ ಇತ್ತು. ವರದಿ ಶುಕ್ರವಾರ ಹೊರಡುವುದಿತ್ತು. ಬುಧವಾರ ಮಧ್ಯಾಹ್ನ ಅವಳು ಮೆಟ್ಟಿಲು ಹತ್ತಿ ಮೇಡಂ ಕೋಣೆಗೆ ಹೋದಳು.

“ಮೇಡಂ, ಆ ನಾಲ್ಕು ಡಬ್ಬಿ ಮೇಲೆ ನಾನು ಸುಳ್ಳು ಬರೆದಿದ್ದೀನಿ.”

“ಅಂದ್ರೆ? ನೀರುನಾಯಿ ಅಲ್ವಾ?”

“ಹೌದೋ ಅಲ್ವೋ ಗೊತ್ತಿಲ್ಲ. ಎರಡು ತಿಂಗಳಿಂದ ನಂಗೆ ಯಾವ ವಾಸನೆಯೂ ಬರ್ತಿಲ್ಲ.”

ಮೇಡಂ ಮುಖ ಕೆಂಪಾಯಿತು. “ಹೇಳ್ಬೇಕಿತ್ತಲ್ಲ ಅಕ್ಕಾ. ನಾನು ಊರಿಗೆಲ್ಲ ಫೋನ್ ಮಾಡಿ ಹೇಳಿಬಿಟ್ಟಿದ್ದೀನಿ.”

ಸಮಜಾಯಿಷಿ ಕೊಡುವ ಜಾತಿಯಲ್ಲ ಅಕ್ಕ. ಮೇಡಂ ಕೋಪ ಇಳಿಯದಿದ್ದರೂ ಕೆಲಸದ ಮಾತಿಗೆ ಬಂದರು.

“ಎರಡು ತಿಂಗಳಲ್ಲಿ ನೀವು ಬರೆದದ್ದನ್ನೆಲ್ಲ ಮತ್ತೆ ನೋಡಬೇಕು. ಈ ನಾಲ್ಕು ಮೊದಲು. ಆದ್ರೆ ಮೂಸೋದು ಯಾರು? ನಿಮ್ಮ ಹಾಗೆ ಹೇಳೋರು ಇನ್ಯಾರಿದ್ದಾರೆ?”

“ನಮ್ಮತ್ತೆ,” ಎಂದಳು ಅಕ್ಕ. ಬಾಯಿಂದ ಬಂದ ಮೇಲೆಯೇ ತಾನೇನು ಹೇಳಿದೆ ಎಂದು ಅವಳಿಗೆ ಹೊಳೆದದ್ದು.

ಮೊದಲಿನಿಂದಲೂ ದಿನಾ ಸಂಜೆ ಅಕ್ಕ ಹೊಸಿಲು ದಾಟುವ ಮೊದಲೇ ಅತ್ತೆ ಅಡುಗೆಮನೆಯಿಂದ ಮೂಗು ಮುರಿಯುತ್ತಿದ್ದರು. “ಇವತ್ತು ಬೆಕ್ಕಿನ ಸಹವಾಸ. ಬಟ್ಟೆ ಹೊರಗೇ ಹಾಕು.” ಇನ್ನೊಂದು ದಿನ, “ಇವತ್ತು ನಿನ್ನ ನೀರುನಾಯಿ. ಮೊದಲು ಕೈ ತೊಳಿ.” ಅಕ್ಕ ಅದನ್ನು ಬೈಗುಳವೆಂದು ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಟ್ಟಿದ್ದಳು. ಹತ್ತೊಂಬತ್ತು ವರ್ಷದಲ್ಲಿ ಆ ಬೈಗುಳ ಒಂದು ದಿನವೂ ತಪ್ಪಾಗಿರಲಿಲ್ಲ ಎಂಬುದು ಅವಳಿಗೆ ಈಗ ಅರಿವಾಯಿತು.

ಗುರುವಾರ ಎಪ್ಪತ್ತನಾಲ್ಕರ ಅತ್ತೆ ಸರ್ಕಾರಕ್ಕೇ ಉಪಕಾರ ಮಾಡುವವರ ಗತ್ತಿನಲ್ಲಿ ಜೀಪಿನಿಂದ ಇಳಿದರು. ಬೆನ್ನಿಗೆ ಆಸರೆಯಿರುವ ಕುರ್ಚಿಯೇ ಬೇಕೆಂದರು. ಮೇಡಂ ಹತ್ತು ಡಬ್ಬಿ ಜೋಡಿಸಿದರು: ಆರು ಹಳೆಯವು, ಯಾವುದರದ್ದೆಂದು ಮೊದಲೇ ಖಚಿತವಾದವು, ನಾಲ್ಕು ಹೊಸವು. ಹೊರಗೆ ನಂಬರ್ ಬಿಟ್ಟು ಏನೂ ಇಲ್ಲ. ಅಕ್ಕನ ಮುಖ ನೋಡಿ ಅತ್ತೆ ಉತ್ತರ ಊಹಿಸಬಾರದೆಂದು ಅವಳನ್ನು ಹೊರಗೆ ಕಳಿಸಿದರು. ಅಕ್ಕ ಓಣಿಯಲ್ಲಿ ಗೋಡೆಗೊರಗಿ ನಿಂತಳು. ಬಾಗಿಲಾಚೆಯಿಂದ ಅತ್ತೆಯ ದನಿ ಕೇಳುತ್ತಿತ್ತು.

“ಬೆಕ್ಕು... ಇದೂ ಬೆಕ್ಕು, ಥೂ... ಇದು ನೀರುನಾಯಿ, ಬಹಳ ಹಳೇದು... ಮತ್ತೆ ಬೆಕ್ಕು. ನಿಮ್ಮಲ್ಲಿ ಬೆಕ್ಕು ಬಿಟ್ರೆ ಬೇರೆ ಏನೂ ಇಲ್ವೇನಮ್ಮ?”

ಅರ್ಧ ಗಂಟೆಯ ಮೇಲೆ ಮೇಡಂ ಹೊರಬಂದರು.

“ಹಳೇ ಆರೂ ಸರಿ ಹೇಳಿದ್ರು. ಹೊಸದ್ರಲ್ಲಿ ಮೂರು ಬೆಕ್ಕು.”

ಅಕ್ಕ ಗೋಡೆ ಬಿಟ್ಟು ಮುಂದೆ ಬಂದಳು. “ಇನ್ನೊಂದು?”

“ನೀರುನಾಯಿ. ನಂಬರ್ ಬದಲಾಯಿಸಿ ಮೂರು ಸಲ ಕೊಟ್ಟೆ. ಮೂರು ಸಲವೂ ಅದನ್ನೇ ಹೇಳಿದ್ರು, ಕೊನೇ ಸಲ ನಂಗೆ ಬೈದ್ರು.” ಮೇಡಂ ಮುಖದಲ್ಲಿ ಮೊದಲ ಬಾರಿಗೆ ನಗು ಇಣುಕಿತು. “ಆದ್ರೆ ಒಂದನ್ನೇ ನಂಬಿ ಬರೆಯೋಕಾಗಲ್ಲ. ಅದನ್ನ ಲ್ಯಾಬಿಗೂ ಕಳಿಸ್ತೀನಿ. ವರದಿ ಹೊರಡೋದು ನಾಳೆ ಸಂಜೆ, ಬೆಳಿಗ್ಗೆ ಅದು ಸಿಕ್ಕ ಜಾಗಕ್ಕೇ ಹೋಗೋಣ. ಮೂಗು ಹೋದ್ರೆ ಹೋಯ್ತು, ಕಣ್ಣಿದೆಯಲ್ಲ ನಿಮಗೆ. ಅತ್ತೇನೂ ಕರ್ಕೊಂಡು ಬನ್ನಿ.”

ಶುಕ್ರವಾರ ಏಳು ಗಂಟೆಗೆ ಮೂವರೂ ಸೇತುವೆಯ ಕೆಳಗಿದ್ದರು. ನೀರು ಇನ್ನೂ ಮಬ್ಬಾಗಿತ್ತು, ಆದರೆ ಹಿಂದಿನಂತೆ ಕಪ್ಪಾಗಿರಲಿಲ್ಲ. ಅಕ್ಕ ಕಲ್ಲಿನಿಂದ ಕಲ್ಲಿಗೆ ಬಗ್ಗಿ ನೋಡುತ್ತಾ ಹೋದಳು. ಒಂದು ಗಂಟೆ ಏನೂ ಸಿಗಲಿಲ್ಲ. ಎರಡನೇ ಕಂಬದ ಬುಡದ ಚಪ್ಪಟೆ ಕಲ್ಲಿನ ಮೇಲೆ ಕಪ್ಪಗೆ, ಒದ್ದೆಯಾಗಿ, ಮೀನಿನ ಮುಳ್ಳುಗಳಿಂದ ತುಂಬಿದ್ದು ಕಂಡಿತು. ಮೂಗನ್ನು ಅದರ ಹತ್ತಿರ ತಂದು ಉಸಿರೆಳೆದಳು. ಏನೂ ಇಲ್ಲ. ಅವಳಿಗೆ ಅಳು ಬರುವಂತಾಯಿತು.

ಅತ್ತೆಯನ್ನು ತೋಳು ಹಿಡಿದು ಕರೆತಂದಳು. “ಈ ವಯಸ್ಸಲ್ಲಿ ಇದೂ ಒಂದು ಬಾಕಿ ಇತ್ತು ನಂಗೆ,” ಎಂದು ಗೊಣಗುತ್ತಲೇ ಅತ್ತೆ ಬಗ್ಗಿದರು.

“ಅದೇ. ನೀರುನಾಯೀನೇ. ಇವತ್ತಿಂದು.”

ಮೇಡಂ ನೀರಿನ ಅಂಚಿಗೆ ನಡೆದು, ಬೆನ್ನು ಹಾಕಿ ನಿಂತು ಕಣ್ಣೊರೆಸಿಕೊಂಡರು.

“ಅತ್ತೆ, ವಾಸನೆ ಹೇಗಿದೆ ಹೇಳಿ,” ಎಂದಳು ಅಕ್ಕ. ಮತ್ತೊಂದು ಥೂ ಕೇಳಲು ತಯಾರಾಗಿದ್ದಳು.

ಅತ್ತೆ ಸೊಸೆಯ ಭುಜ ಹಿಡಿದು ನೆಟ್ಟಗಾದರು.

“ಹೇಗಂದ್ರೆ ಏನು ಹೇಳೋದು. ಸಂಜೆ ನೀನು ಮನೆಗೆ ಬಂದ ಹಾಗಿದೆ.”

ಅಕ್ಕನ ಕಣ್ಣು ಮಂಜಾಗಿ ಡಬ್ಬಿಯ ಮುಚ್ಚಳ ಬಹಳ ಹೊತ್ತು ಕೈಗೆ ಸಿಗಲಿಲ್ಲ. “ಬೇಗ ಬರ್ಕೋ, ಬಿಸಿಲೇರ್ತಿದೆ,” ಎಂದರು ಅತ್ತೆ. ಅಕ್ಕ ‘ನೀರುನಾಯಿ’ ಎಂದು ಬರೆದು, ಗುರುತಿಸಿದವರು ಎಂಬಲ್ಲಿ ಅತ್ತೆಯ ಪೂರ್ತಿ ಹೆಸರು ಬರೆದಳು.