ದಾನಮ್ಮನ ಕೌದಿಯ ಮೇಲೆ

ಅಂಗಡಿಯ ದಸ್ತಗೀರ ಥಿನ್ನರಿನಲ್ಲಿ ಅದ್ದಿದ ಬಟ್ಟೆಯಿಂದ ನನ್ನ ಬೆನ್ನು ಉಜ್ಜುತ್ತಿದ್ದ. ಹಳೆಯ ಕಂಪನಿಯ ಚೀಟಿ ಅರ್ಧ ಎದ್ದಿತ್ತು, ಇನ್ನರ್ಧ ಜಪ್ಪಯ್ಯ ಅಂದರೂ ಬಿಡುತ್ತಿರಲಿಲ್ಲ. ಅಷ್ಟರಲ್ಲಿ ಇಬ್ಬರು ಹೆಣ್ಣುಮಕ್ಕಳು ಬಂದು ಮೆಟ್ಟಿಲ ಕೆಳಗೆ ಚಪ್ಪಲಿ ಬಿಟ್ಟರು. ಆ ಅಂಗಡಿಗೆ ಬರುವವರು ಯಾರೂ ಚಪ್ಪಲಿ ಬಿಡುತ್ತಿರಲಿಲ್ಲ. ಅದಕ್ಕೇ ನಾನು ಅವರನ್ನು ದಿಟ್ಟಿಸಿ ನೋಡಿದೆ.

ನಾನು ಒಂದು ಲ್ಯಾಪ್‌ಟಾಪ್. ಸಮುದ್ರದಾಚೆಯ ಕಾರ್ಖಾನೆಯೊಂದರಲ್ಲಿ ಹುಟ್ಟಿದವನು. ನೂರಾರು ಕೈಗಳು ನನ್ನನ್ನು ಜೋಡಿಸಿದವು, ಒಂದು ಮುಖವೂ ನೆನಪಿಲ್ಲ. ನಾಲ್ಕು ವರ್ಷ ಒಂದು ಕಚೇರಿಯಲ್ಲಿ ದುಡಿದೆ. ಅಲ್ಲಿಗೆ ಹೊಸಬರು ಬಂದ ಮೇಲೆ, ನಾವು ಹಳಬರೆಲ್ಲ ರಟ್ಟಿನ ಪೆಟ್ಟಿಗೆಗಳಲ್ಲಿ ತುಂಬಿಕೊಂಡು ಹುಬ್ಬಳ್ಳಿಯ ಈ ಅಂಗಡಿಗೆ ಬಂದು ಬಿದ್ದೆವು.

ಬಂದವರು ಅಕ್ಕ ತಂಗಿ, ಅಣ್ಣಿಗೇರಿಯವರು. ತಂಗಿ ನೀಲಗಂಗಾ ಪದವಿಯ ಎರಡನೆಯ ವರ್ಷದಲ್ಲಿದ್ದಳು. ಅಕ್ಕ ದಾನಮ್ಮ ಹತ್ತನೆಯ ತರಗತಿಗೆ ಶಾಲೆ ಬಿಟ್ಟು, ಹಳೆಯ ಸೀರೆಗಳನ್ನು ಜೋಡಿಸಿ ಕೌದಿ ಹೊಲಿದು ತಂಗಿಯನ್ನು ಸಾಕಿದವಳು. ಅವರಿಗೆ ತಾಯಿ ಇರಲಿಲ್ಲ.

ನೀಲಗಂಗಾಳ ಕಣ್ಣು ನನ್ನ ಪಕ್ಕದ ತೆಳ್ಳನೆಯ, ಬೆಳ್ಳಿ ಬಣ್ಣದವನ ಮೇಲಿತ್ತು. ದಾನಮ್ಮ ಅವನನ್ನು ಎತ್ತಿ, ಬಟ್ಟೆ ನೋಡುವಂತೆ ಎರಡು ಬೆರಳಿನ ನಡುವೆ ಒತ್ತಿ ನೋಡಿದಳು.

"ಇದು ಜಾಳುಜಾಳು ಸೀರಿ ಇದ್ದಂಗೈತಿ. ಎರಡ ಒಗತಕ್ಕ ಹೋಗತೈತಿ."

ದಸ್ತಗೀರ ನಕ್ಕ. "ಬರೋಬರಿ ಅಂದ್ರಿ ಅಕ್ಕಾರ. ಈ ಕರೇದ ನೋಡ್ರಿ. ಮಾರಿ ಚಂದಿಲ್ಲ, ಖರೆ. ಆದ್ರ ಒಳಗ ಹೊಸ ಡಿಸ್ಕ್ ಹಾಕೇನಿ. ಕಾಲೇಜ ಮುಗಿಯೂತನಕ ಏನೂ ಅನ್ನಂಗಿಲ್ಲ."

"ಬಿಸಿ ಆಗತೈತೇನು?"

"ಆಗತೈತ್ರಿ. ಕೆಳಗ ಗಾಳಿ ಆಡಬೇಕು, ಅಷ್ಟ."

ಆ ಕೊನೆಯ ಮಾತನ್ನು ದಾನಮ್ಮ ಕೇಳಿಸಿಕೊಳ್ಳಲಿಲ್ಲ. ಅವಳು ಆಗಲೇ ನನ್ನನ್ನು ಸೆರಗಿನಿಂದ ಒರೆಸುತ್ತಿದ್ದಳು.

ಅವರ ಮನೆಗೆ ಯಾವ ಹೊಸ ಜೀವ ಬಂದರೂ ಒಂದು ಕೌದಿ ಹೊಲಿಯುವುದು ರೂಢಿ. ಬಾಣಂತಿಯರ ಮನೆಯವರು ಕೂಸಿಗೆ ದಾನಮ್ಮನ ಕೈಯ ಕೌದಿಯೇ ಬೇಕೆಂದು ಹುಡುಕಿಕೊಂಡು ಬರುತ್ತಿದ್ದರು. ನನಗೂ ಒಂದು ಹೊಲಿದಳು. ಅಂಗೈಯಗಲದ ತುಂಡುಗಳು, ಸಾಸಿವೆ ಕಾಳಿನಂಥ ಹೊಲಿಗೆ. ಕೌದಿ ಹಸಿದಿರಬಾರದೆಂದು ಒಂದು ಮೂಲೆಯಲ್ಲಿ ನಾಲ್ಕು ಜೋಳದ ಕಾಳಿಟ್ಟು ಮುಚ್ಚಿದಳು.

"ಅಕ್ಕಾ, ಮಷೀನಿಗೆ ಯಾರರ ಕೌದಿ ಹಾಸ್ತಾರೇನ?" ಎಂದು ನೀಲಗಂಗಾ ಬಿದ್ದು ಬಿದ್ದು ನಕ್ಕಳು.

"ನಿನಗ ವಿದ್ಯಾ ಕೊಡೂದು ಬರೇ ಹಲಗಿ ಮ್ಯಾಲ ಕುಂದರಬೇಕೇನ?"

ಆ ಕೌದಿಯ ಮೇಲೆ ನಾನು ಒಂದು ವರ್ಷ ಕೂತೆ. ಸೆಕೆಯಾಗುತ್ತಿತ್ತು, ಸುಳ್ಳು ಹೇಳಲಾರೆ. ಆದರೂ ನನ್ನ ಫ್ಯಾನು ಏದುಸಿರು ಬಿಡುತ್ತ ತಿರುಗುತ್ತಿತ್ತು.

ಮುಂದಿನ ವರ್ಷ ದೂರದ ಊರಿನ ದೊಡ್ಡ ವಿದ್ಯಾಸಂಸ್ಥೆಯೊಂದಕ್ಕೆ ಪ್ರವೇಶ ಪರೀಕ್ಷೆ ಬಂತು. ಮನೆಯಲ್ಲೇ ಕೂತು ನನ್ನ ಮುಂದೆ ಬರೆಯುವ ಪರೀಕ್ಷೆ. ಗೆದ್ದರೆ ಊಟ, ವಸತಿ, ಓದು ಎಲ್ಲ ಅವರದೇ. ಹನ್ನೊಂದು ಗಂಟೆಗೆ ಶುರುವಾಯಿತು. ದಾನಮ್ಮ ಬಾಗಿಲ ಹೊರಗೆ ಕಾವಲು ಕೂತು, ಎದುರು ಮನೆಯವರು ಖಾರ ಕುಟ್ಟುವುದನ್ನೂ ನಿಲ್ಲಿಸಿದ್ದಳು.

ಮೂರು ಪ್ರಶ್ನೆಗಳಿಗೆ ನೀಲಗಂಗಾ ಉತ್ತರಿಸಿದಳು. ನಾಲ್ಕನೆಯದು ಬರಲಿಲ್ಲ. ಐದನೆಯದೂ ಬರಲಿಲ್ಲ. ಪುಟ ತಿರುವಿದಳು, ಮತ್ತೆ ಹಿಂದಕ್ಕೆ ಬಂದಳು. ನನ್ನ ಮೂಲೆಯಲ್ಲಿ ಉಳಿದ ನಿಮಿಷಗಳು ಓಡುತ್ತಿದ್ದವು. ಅವಳ ಕಣ್ಣೀರು ನನ್ನ ಕೀಲಿಗಳ ಮೇಲೆ ಬಿತ್ತು. ಆಮೇಲೆ ಅವಳು ಬಾಗಿಲ ಕಡೆ ಒಮ್ಮೆ ನೋಡಿ, ನನ್ನನ್ನು ಬಂದ್ ಮಾಡುವ ಗುಂಡಿಯ ಮೇಲೆ ಬೆರಳಿಟ್ಟು ಒತ್ತಿ ಹಿಡಿದಳು. ನಾನು ಕತ್ತಲಾದೆ.

ಕಿವಿ ಮಾತ್ರ ಇತ್ತು ಅನ್ನಿ.

"ಯಾಕ, ಏನಾತು?" ದಾನಮ್ಮ ಓಡಿ ಬಂದಳು.

"ಬಂದ್ ಬಿತ್ತು."

ದಾನಮ್ಮ ನನ್ನ ಹೊಟ್ಟೆಯ ಕೆಳಗೆ ಕೈ ಹಾಕಿದಳು. ಬಿಸಿ ತಾಗಿರಬೇಕು. "ನೀಲಾ... ಈ ಕೌದಿ ಸಲುವಾಗಿ ಏನ?"

ನೀಲಗಂಗಾ ಇಲ್ಲ ಎನ್ನಲಿಲ್ಲ. "ಹೂಂ" ಎಂದಳು. ಒಂದೇ ಅಕ್ಷರ.

ನಡುವೆ ನಿಂತ ಪರೀಕ್ಷೆಗೆ ಮತ್ತೆ ಒಳಗೆ ಬಿಡುತ್ತಿರಲಿಲ್ಲ, ಮರುಪರೀಕ್ಷೆಯೂ ಇರಲಿಲ್ಲ. ದಾನಮ್ಮ ಅಂದೇ ಆ ಕೌದಿಯ ಹೊಲಿಗೆಯನ್ನೆಲ್ಲ ಬಿಚ್ಚಿದಳು. ಯಾರನ್ನೂ ಬೈಯಲಿಲ್ಲ, ಅಳಲೂ ಇಲ್ಲ. ಆಮೇಲೆ ಸೂಜಿ ಹಿಡಿಯಲಿಲ್ಲ. ಬಾಣಂತಿಯರ ಮನೆಯಿಂದ ಕರೆ ಬಂದರೆ, "ನನ್ನ ಕೈಲೆ ಬ್ಯಾಡವ್ವಾ, ಬ್ಯಾರೇದವರ ಕಡೆ ಹೋಗ್ರಿ" ಎನ್ನುತ್ತಿದ್ದಳು. ಶಾಲೆಯೊಂದರಲ್ಲಿ ಅಡುಗೆ ಕೆಲಸಕ್ಕೆ ಸೇರಿದಳು. ನನ್ನ ಹತ್ತಿರ ಮಾತ್ರ ಸುಳಿಯಲಿಲ್ಲ. ಕಸ ಗುಡಿಸುವಾಗಲೂ ನನ್ನನ್ನು ಮುಟ್ಟದೆ ಸುತ್ತು ಹಾಕಿ ಹೋಗುತ್ತಿದ್ದಳು. ನಿಜ ಏನೆಂದು ಬಲ್ಲವರು ಆ ಮನೆಯಲ್ಲಿ ಇಬ್ಬರು. ಒಬ್ಬಳು ಹೇಳಲಿಲ್ಲ, ಇನ್ನೊಬ್ಬನಿಗೆ ಬಾಯಿಯಿಲ್ಲ.

ನೀಲಗಂಗಾ ಪದವಿ ಮುಗಿಸಿ ವಿಜಯಪುರದ ಕಾಲೇಜೊಂದರ ಗ್ರಂಥಾಲಯದಲ್ಲಿ ಕೆಲಸಕ್ಕೆ ಸೇರಿದಳು. ಮದುವೆಯೂ ಆಯಿತು. ನಾನು ಜೊತೆಗೇ ಹೋದೆ. ಊರಿಗೆ ಹೋಗಿ ಬಂದಾಗಲೆಲ್ಲ ಅವಳು ನನ್ನಲ್ಲೊಂದು ಹಾಳೆ ತೆರೆದು "ಅಕ್ಕಾ" ಎಂದು ಬರೆಯುತ್ತಿದ್ದಳು. ಕೆಳಗೆ ನಾಲ್ಕು ಸಾಲು ಬರೆದು ಅಳಿಸುತ್ತಿದ್ದಳು. ಆರು ವರ್ಷದಲ್ಲಿ ಉಳಿದದ್ದು ಆ "ಅಕ್ಕಾ" ಒಂದೇ. ಫೋನಿನಲ್ಲಿ ಹೇಳಿಬಿಡಬೇಕೆಂದು ಎಷ್ಟೋ ಸಲ ಬಾಯಿ ತೆರೆದಳು. ಬಂದದ್ದು "ಉಂಡೀ ಏನ?" ಎಂಬ ಮಾತು.

ಈಗ ಅವಳಿಗೆ ಏಳು ತಿಂಗಳು. ನನಗೆ ಮುಪ್ಪು; ಪರದೆಯ ಅರ್ಧ ಕಪ್ಪಾಗಿದೆ, ವೈರು ಕಿತ್ತರೆ ಆ ಕ್ಷಣವೇ ಕತ್ತಲಾಗುತ್ತೇನೆ. ಕಳೆದ ಭಾನುವಾರ ಅವಳು ನನ್ನ ಪಕ್ಕದಲ್ಲೇ ಕೂತು ಅಕ್ಕನಿಗೆ ಫೋನು ಮಾಡಿದಳು.

"ಅಕ್ಕಾ, ಕೂಸಿಗೆ ಒಂದು ಕೌದಿ ಹೊಲದು ಕೊಡ."

"ಬ್ಯಾಡ ತಂಗಿ. ನಿನ್ನ ಬಾಳೇ ಕೆಡಿಸಿದ ಕೈ ಇದು. ಕೂಸಿಗೂ ತಾಗಿಸಬ್ಯಾಡ."

ಫೋನು ಇಟ್ಟವಳು ನನ್ನನ್ನು ತೆರೆದಳು. ಈ ಸಲ ಏನನ್ನೂ ಅಳಿಸಲಿಲ್ಲ. "ಅಕ್ಕಾ, ಕೌದಿಯಿಂದ ಏನೂ ಆಗಿರಲಿಲ್ಲ. ನನಗೆ ಉತ್ತರ ಬರಲಿಲ್ಲ. ನಾನೇ ಬಂದ್ ಮಾಡಿದೆ. ನೀನು ಕೇಳಿದಾಗ ಹೂಂ ಅಂದೆ. ಏಳು ವರ್ಷ ನಿನ್ನ ಕೈ ಕಟ್ಟಿ ಹಾಕಿದವಳು ನಾನು." ಅದನ್ನೇ ಕಾಗದದ ಮೇಲೆ ಪೆನ್ನಿನಿಂದ ಇಳಿಸಿಕೊಂಡಳು. ನನ್ನನ್ನು ಗುಜರಿಗೆ ಹಾಕಲು ಚೀಲದಲ್ಲಿಟ್ಟು, ದಾರಿಯಲ್ಲಿ ಅಂಚೆ ಡಬ್ಬಿಯ ಮುಂದೆ ನಿಂತಳು. ನಿಂತೇ ಇದ್ದಳು.

"ಹಾಕ್ರಿ ಯವ್ವಾ, ಡಬ್ಬಿ ಏನ ಕಡಿಯೂದಿಲ್ಲ" ಎಂದಿತು ಹಿಂದೆ ಯಾರದೋ ಮುದಿ ದನಿ.

ಅಕ್ಕ ಅದನ್ನು ಓದಿ ಏನೆನ್ನುತ್ತಾಳೋ ನಾನು ತಿಳಿಯಲಾರೆ. ಅಷ್ಟು ದಿನ ನನಗಿಲ್ಲ. ನೀಲಗಂಗಾಳ ಕೈ ಸಡಿಲವಾಯಿತು. ಡಬ್ಬಿಯ ತಳಕ್ಕೆ ಕಾಗದ ಬಿದ್ದದ್ದು ಚೀಲದೊಳಗಿನ ನನಗೆ ಕೇಳಿಸಿತು.